ಓವರ್‌ಹೆಡ್ ಪ್ರೆಸ್‌: 40 ಕೆ.ಜಿ. ದಾಟಿದರೆ ಮಣಿಕಟ್ಟು ಹಿಂದಕ್ಕೆ ಮಡಚಿ ನೋಯುತ್ತೆ, ರಾಡ್ ಹೇಗೆ ಹಿಡೀಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಿದ್ದೀನಿ. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಯಾವುದರಲ್ಲೂ ತೊಂದರೆ ಇಲ್ಲ. ನಿಂತು ರಾಡನ್ನು ತಲೆ ಮೇಲಕ್ಕೆ ತಳ್ಳೋ ಓವರ್‌ಹೆಡ್ ಪ್ರೆಸ್‌ನಲ್ಲಿ ಮಾತ್ರ 40 ಕೆ.ಜಿ. ದಾಟಿದ ಕೂಡಲೇ ಎರಡೂ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ತವೆ. ರಾಡ್ ಎದೆ ಮಟ್ಟದಿಂದ ಹೊರಡುವಾಗಲೇ ನೋವು ಜಾಸ್ತಿ, ಹಣೆ ದಾಟಿದ ಮೇಲೆ ಅಷ್ಟಿಲ್ಲ. ಮರುದಿನ ಬೈಕಿನ ಆಕ್ಸಿಲರೇಟರ್ ತಿರುಗಿಸೋವಾಗಲೂ ಹಿಡಿದುಕೊಳ್ಳುತ್ತೆ.

ಬೆಂಚ್‌ಗೆ (ಮಲಗಿ ಎದೆಯಿಂದ ರಾಡ್ ತಳ್ಳೋದಕ್ಕೆ) ಹಿಡಿಯೋ ಹಾಗೇ, ರಾಡ್ ಮೇಲಿನ ರಿಂಗ್ ಗುರುತಿನ ಮೇಲೆ ಕಿರುಬೆರಳು ಇಟ್ಟು ಹಿಡೀತೀನಿ. ಟ್ರೇನರ್ "ಮಣಿಕಟ್ಟಿಗೆ ಶಕ್ತಿ ಇಲ್ಲ, ರಿಸ್ಟ್ ಕರ್ಲ್ ಮಾಡು" ಅಂದ್ರು, ಅಂದ್ರೆ ಭಾರ ಹಿಡಿದು ಮಣಿಕಟ್ಟು ಮಾತ್ರ ಮಡಚೋ ವ್ಯಾಯಾಮ. ಜೊತೆಗಾರನೊಬ್ಬ ಹೆಬ್ಬೆರಳು ಸುತ್ತದೇ ಹಿಡಿ ಅಂದ. ಹಾಗೆ ಹಿಡಿದ್ರೆ ನೋವು ಕಡಿಮೆ, ಆದ್ರೆ ರಾಡ್ ಜಾರುತ್ತೇನೋ ಅಂತ ಭಯ. ಇನ್ನೊಂದು ವಿಷಯ: ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಾಗಿನಿಂದ ವೇಟ್‌ಲಿಫ್ಟಿಂಗ್ ತಪ್ಪದೆ ನೋಡ್ತೀನಿ. ವೇಟ್‌ಲಿಫ್ಟರ್‌ಗಳು ಬೆರಳ ತುದಿಯಲ್ಲಿ ರಾಡ್ ತಡೆದು ನಿಂತಿರ್ತಾರೆ, ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಿರುತ್ತೆ. ಅವರಿಗೆ ನೋಯಲ್ವಾ? ಯಾವ ಗ್ರಿಪ್ ಸರಿ, ದಯವಿಟ್ಟು ಹೇಳಿ.

ಉತ್ತರ 1

ಮೊದಲು ಒಂದು ಕೆಲಸ ಮಾಡಿ. 30 ಕೆ.ಜಿ.ಯಲ್ಲಿ ಒಂದು ಸೆಟ್ ಮುಗಿಸಿ, ರಾಡ್ ಇಟ್ಟ ತಕ್ಷಣ ಅಂಗೈ ನೋಡಿಕೊಳ್ಳಿ. ನರ್ಲಿಂಗ್‌ನ (ಹಿಡಿತಕ್ಕಾಗಿ ರಾಡ್ ಮೇಲೆ ಕೊರೆದ ಒರಟು ಗೀರುಗಳ) ಕೆಂಪು ಅಚ್ಚು ಎಲ್ಲಿ ಬಿದ್ದಿದೆ? ಬೆರಳುಗಳ ಬುಡದಲ್ಲಿ, ಡೆಡ್‌ಲಿಫ್ಟ್‌ನಿಂದ (ನೆಲದಿಂದ ರಾಡ್ ಎತ್ತಿ ಎತ್ತಿ) ಜಡ್ಡುಗಟ್ಟಿದ ಜಾಗದಲ್ಲೇ ಅಡ್ಡಡ್ಡ ಬಿದ್ದಿದೆಯಾ? ಹಾಗೇ ಪಕ್ಕದಿಂದ ಒಂದು, ಎದುರಿನಿಂದ ಒಂದು ವಿಡಿಯೊ ಮಾಡಿ. ಪಕ್ಕದಿಂದ ನೋಡಿದಾಗ ರಾಡ್ ಮುಂಗೈ ಮೂಳೆಯ ನೇರಕ್ಕಿದೆಯಾ, ಅದರ ಹಿಂದೆ ಇದೆಯಾ? ಎದುರಿನಿಂದ ನೋಡಿದಾಗ ಮುಂಗೈ ನೆಟ್ಟಗಿದೆಯಾ, ಹೊರಕ್ಕೆ ವಾಲಿದೆಯಾ? ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತೆ.

ಬೆರಳು ಜೋಮು ಹಿಡಿಯುವುದು, ಊತ, ತಿರುಗಿಸಿದಾಗ ಕಿರುಬೆರಳ ಕಡೆ ಕಟಕ್ ಅನ್ನುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಗ್ರಿಪ್ ಬದಲಿಸಿ ನೋಡುತ್ತಾ ಕೂರಬೇಡಿ. ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ.

ಪ್ರಶ್ನೆ ಕೇಳಿದವರು

ಜೋಮು, ಊತ ಏನೂ ಇಲ್ಲ ಸರ್. ಅಚ್ಚು ನೀವು ಹೇಳಿದ ಹಾಗೇ ಬೆರಳ ಬುಡದಲ್ಲಿದೆ. ಪಕ್ಕದಿಂದ ನೋಡಿದ್ರೆ ರಾಡ್ ಮುಂಗೈಗಿಂತ ಮೂರು ನಾಲ್ಕು ಸೆಂ.ಮೀ. ಹಿಂದಿದೆ. ಎದುರಿನಿಂದ ನೋಡಿದ್ರೆ ಎರಡೂ ಮುಂಗೈ ಹೊರಕ್ಕೆ ವಾಲಿವೆ.

ಉತ್ತರ 1

ಹಾಗಾದರೆ ನಿಮ್ಮ ಮಣಿಕಟ್ಟು ದುರ್ಬಲ ಅಲ್ಲ. ಕಂಬದ ನೆತ್ತಿ ಬಿಟ್ಟು ಪಕ್ಕಕ್ಕೆ ತೊಲೆ ಇಟ್ಟಂತಾಗಿದೆ. ಲೆಕ್ಕ ನೋಡಿ: 40 ಕೆ.ಜಿ. ಅಂದರೆ ಕೈಗೆ 20. ಅದು ಮಣಿಕಟ್ಟಿನಿಂದ 4 ಸೆಂ.ಮೀ. ಹಿಂದೆ ಕೂತರೆ, 10 ಸೆಂ.ಮೀ. ಉದ್ದದ ಹಿಡಿಕೆಯ ತುದಿಗೆ 8 ಕೆ.ಜಿ. ನೇತುಹಾಕಿ ಮಣಿಕಟ್ಟನ್ನು ತಿರುಚಿದಷ್ಟು ಬಲ. ಪ್ರತಿ ರೆಪ್‌ನಲ್ಲೂ, ಅಂದರೆ ಪ್ರತಿ ಸಲ ಎತ್ತುವಾಗಲೂ ಅದೇ. ರಿಸ್ಟ್ ಕರ್ಲ್ ಮಾಡಿ ಇದನ್ನು ಸಹಿಸುವುದಕ್ಕಿಂತ ಆ 4 ಸೆಂ.ಮೀ. ತೆಗೆದುಹಾಕುವುದು ವಾಸಿ.

ಎಳೆಯುವ ವ್ಯಾಯಾಮಕ್ಕೂ ತಳ್ಳುವ ವ್ಯಾಯಾಮಕ್ಕೂ ರಾಡ್ ಕೂರುವ ಜಾಗ ಬೇರೆ. ಡೆಡ್‌ಲಿಫ್ಟ್‌ನಲ್ಲಿ ರಾಡ್ ಬೆರಳಿಗೆ ಜೋತುಬೀಳುತ್ತೆ, ಹಾಗಾಗಿ ಬೆರಳ ಬುಡವೇ ಸರಿ. ಪ್ರೆಸ್‌ನಲ್ಲಿ ಭಾರವೆಲ್ಲ ಮುಂಗೈ ಮೂಳೆಗೆ ನೇರ ಇಳಿಯಬೇಕು, ಅದಕ್ಕೆ ಅಂಗೈಯ ಬುಡ ಬೇಕು. ಅಂಗೈಯಲ್ಲಿ ಹೆಬ್ಬೆರಳ ದಿಂಡನ್ನು ಬಳಸಿ ಇಳಿಯುವ ಗೆರೆ ಇದೆಯಲ್ಲ, ಜ್ಯೋತಿಷಿಗಳು ಆಯುಷ್ಯ ರೇಖೆ ಅನ್ನೋದು, ಹೆಚ್ಚುಕಡಿಮೆ ಅದರ ಜಾಡಿನಲ್ಲೇ ರಾಡ್ ಓರೆಯಾಗಿ ಮಲಗಬೇಕು. ಒಂದು ತುದಿ ಹೆಬ್ಬೆರಳು–ತೋರುಬೆರಳ ಸಂದಿಯಲ್ಲಿ, ಇನ್ನೊಂದು ಕಿರುಬೆರಳ ಕಡೆಯ ಅಂಗೈ ಬುಡದಲ್ಲಿ. ಇದಕ್ಕೆ ಬುಲ್‌ಡಾಗ್ ಗ್ರಿಪ್ ಅಂತಾರೆ.

ಹಿಡಿಯೋ ಕ್ರಮ ಹೀಗೆ. ರ್ಯಾಕ್‌ನಲ್ಲಿ ರಾಡ್ ಎದೆಯ ಮೇಲ್ಭಾಗದ ಮಟ್ಟಕ್ಕಿರಲಿ. ಕೈ ಚಾಚಿ, ಹೆಬ್ಬೆರಳು ಸ್ವಲ್ಪ ನೆಲದ ಕಡೆ ತಿರುಗುವಂತೆ ಅಂಗೈ ಒಳಕ್ಕೆ ಹೊರಳಿಸಿ. ಆ ಕೋನದಲ್ಲೇ ಅಂಗೈಯ ಬುಡವನ್ನು ರಾಡ್‌ಗೆ ಒತ್ತಿ. ಬೆರಳು ಮುಚ್ಚೋದು ಆಮೇಲೆ. ಬೆರಳು ಮೊದಲು ಸುತ್ತಿ ನಂತರ ಮಣಿಕಟ್ಟು ಸರಿಪಡಿಸಲು ಹೋದರೆ ರಾಡ್ ಮತ್ತೆ ಬೆರಳ ಬುಡಕ್ಕೇ ಉರುಳಿಕೊಂಡಿರುತ್ತೆ. ಜಿಮ್‌ನಲ್ಲಿ ಹತ್ತರಲ್ಲಿ ಎಂಟು ಜನ ಎಡವೋದು ಇಲ್ಲೇ. ಹೆಬ್ಬೆರಳು ಸುತ್ತಿ, ಬೆರಳ ತುದಿಗಳಿಂದ ಗಟ್ಟಿಯಾಗಿ ಹಿಂಡಿ. ಮಣಿಕಟ್ಟು ಕಡ್ಡಿಯಂತೆ ನೆಟ್ಟಗಿರಬೇಕಿಲ್ಲ. ಸ್ವಲ್ಪ ಹಿಂದಕ್ಕೆ ಬಾಗಿದ್ದರೂ ರಾಡ್ ಮೂಳೆಯ ನೇರಕ್ಕೆ ಬಂದರೆ ಸಾಕು.

ಇನ್ನು ಅಗಲ. ನೀವು ನೋಡಿಕೊಳ್ಳುತ್ತಿರುವ ರಿಂಗ್ ಪವರ್‌ಲಿಫ್ಟಿಂಗ್ ರಾಡ್‌ನದಾದರೆ ಎರಡು ರಿಂಗ್‌ಗಳ ಅಂತರ 81 ಸೆಂ.ಮೀ., ಬೆಂಚ್‌ಗೆ ಅಂತಲೇ ಇಟ್ಟದ್ದು. ಒಲಿಂಪಿಕ್ ವೇಟ್‌ಲಿಫ್ಟಿಂಗ್ ರಾಡ್‌ನಲ್ಲಿ ಅದು 91 ಸೆಂ.ಮೀ. ಎರಡೂ ಪ್ರೆಸ್‌ಗೆ ಅತಿಯಾಯ್ತು. ಮುಂಗೈ ಹೊರಕ್ಕೆ ವಾಲಿ, ಮಣಿಕಟ್ಟು ಹೆಬ್ಬೆರಳ ಕಡೆ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತೆ. ರಿಂಗ್ ಮರೆತುಬಿಡಿ. ಭುಜದ ಅಂಚಿನ ಹೊರಗೆ ತೋರುಬೆರಳು ಬರುವಷ್ಟು ಅಗಲ ಹಿಡಿದು ವಿಡಿಯೊ ನೋಡಿ. ಕೆಳಗಿನ ಹಂತದಲ್ಲಿ ಎರಡೂ ಮುಂಗೈ ನೆಟ್ಟಗೆ ಕಂಡರೆ ಅದೇ ನಿಮ್ಮ ಅಗಲ. ಬೇರೆಯವರ ಅಳತೆ ನಿಮಗೆ ಹೊಂದುವುದಿಲ್ಲ.

ವೇಟ್‌ಲಿಫ್ಟರ್‌ಗಳ ವಿಷಯ: ಕ್ಲೀನ್ (ರಾಡನ್ನು ನೆಲದಿಂದ ಭುಜಕ್ಕೆ ತರೋದು) ಮುಗಿಸಿ ನಿಂತಾಗ ಭಾರ ಇರೋದು ಭುಜದ ಮೇಲೆ, ಬೆರಳು ರಾಡ್ ಉರುಳದಂತೆ ತಡೆಯುತ್ತವೆ ಅಷ್ಟೆ. ಅಲ್ಲಿಂದ ಜರ್ಕ್‌ನಲ್ಲಿ (ಭುಜದಿಂದ ತಲೆ ಮೇಲೆ ಎತ್ತೋ ಹಂತದಲ್ಲಿ) ರಾಡ್ ಮೇಲಕ್ಕೆ ಹಾರೋದು ಕಾಲಿನ ಬಲದಿಂದ. ಪ್ರೆಸ್‌ನಲ್ಲಿ ಆ ಬಲ ಇಲ್ಲ, ಮೊದಲ ಇಂಚಿನಿಂದಲೂ ಕೈಯೇ ತಳ್ಳಬೇಕು. ಪ್ರೆಸ್ ಕೂಡ ಒಲಿಂಪಿಕ್ಸ್‌ನಲ್ಲಿತ್ತು, 1972ರ ಮ್ಯೂನಿಕ್ ನಂತರ ತೆಗೆದುಹಾಕಿದರು. ಲಿಫ್ಟರ್‌ಗಳು ಸೊಂಟದಿಂದ ಹಿಂದಕ್ಕೆ ಬಾಗಿ ಬಾಗಿ ಎತ್ತುತ್ತಿದ್ದರು, ತೀರ್ಪುಗಾರರಿಗೆ ನಿರ್ಧರಿಸೋದೇ ಕಷ್ಟವಾಗಿತ್ತು. ಆ ಹಳೇ ವಿಡಿಯೊಗಳನ್ನು ನೋಡಿ ಸಂತೋಷಪಡಿ, ಅನುಕರಿಸಬೇಡಿ.

ಉತ್ತರ 2

ಹೆಬ್ಬೆರಳು ಸುತ್ತದೆ ಹಿಡಿಯೋದರಲ್ಲಿ ತಪ್ಪೇನಿದೆ? ನಾನು ಹಾಗೇ ಪ್ರೆಸ್ ಮಾಡೋದು. ರಾಡ್ ತಾನಾಗೇ ಅಂಗೈ ಬುಡಕ್ಕೆ ಕೂರುತ್ತೆ, ಮಣಿಕಟ್ಟು ನೋಯಲ್ಲ. ನಿಂತು ಮಾಡೋದಲ್ವಾ, ಬೆಂಚ್ ಥರ ಎದೆ ಮೇಲೆ ಬೀಳೋ ಅಪಾಯ ಇಲ್ಲ.

ಉತ್ತರ 1

ಬ್ರದರ್, ನೋವು ಕಡಿಮೆಯಾಗೋ ಕಾರಣ ನೀವೇ ಹೇಳಿದ್ದೀರಿ: ರಾಡ್ ಅಂಗೈ ಬುಡಕ್ಕೆ ಕೂರುತ್ತೆ. ಹೆಬ್ಬೆರಳು ಸುತ್ತಿಯೂ ಅದೇ ಜಾಗಕ್ಕೆ ಕೂರಿಸಬಹುದು ಅಂದಮೇಲೆ ಬೀಗ ಯಾಕೆ ತೆಗೀಬೇಕು? ರಾಡ್ ಹಣೆಯ ಮುಂದೆ ಹಾದುಹೋಗೋವಾಗ ಬೆವರಿನ ಕೈ ಒಂದು ಸಲ ಜಾರಿದರೆ ಮೂಗು, ಹಲ್ಲು, ಕೊರಳೆಲುಬು ಎಲ್ಲವೂ ದಾರಿಯಲ್ಲೇ ಇರುತ್ತವೆ. ಪ್ರಶ್ನೆ ಕೇಳಿದವರಿಗೆ ಈಗಾಗಲೇ ಜಾರೋ ಭಯ ಇದೆ. ಭಯವಿದ್ದವರು ಪೂರ್ತಿ ಬಲ ಹಾಕಿ ತಳ್ಳೋಕೂ ಆಗಲ್ಲ. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಉತ್ತರ 3

ನಾನು ಮಂಗಳೂರಿನವಳು. ಇಲ್ಲಿನ ಸೆಕೆಗೆ ಕೈ ಒಣಗಿರೋದೇ ಇಲ್ಲ, ಹಾಗಾಗಿ ಒಂದು ಮಾತು ಸೇರಿಸ್ತೀನಿ. ರಾಡ್‌ನ ದಪ್ಪವನ್ನೂ ನೋಡಿಕೊಳ್ಳಿ. ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಗಂಡಸರ 20 ಕೆ.ಜಿ. ರಾಡ್ 28 ಮಿ.ಮೀ., ಹೆಂಗಸರ 15 ಕೆ.ಜಿ. ರಾಡ್ 25 ಮಿ.ಮೀ. ದಪ್ಪ ಇರುತ್ತೆ. ಎಷ್ಟೋ ಜಿಮ್‌ಗಳಲ್ಲಿ ಇರೋದು ಇದಕ್ಕಿಂತ ದಪ್ಪದ, ನರ್ಲಿಂಗ್ ಸವೆದ ರಾಡ್. ಸಣ್ಣ ಕೈಯವರಿಗೆ ಅದು ಓರೆಯಾಗಿ ಕೂರೋದೇ ಇಲ್ಲ, ಉರುಳಿ ಬೆರಳಿಗೆ ಬರುತ್ತೆ. 15ರ ರಾಡ್ ಇದ್ದರೆ ಕೇಳಿ ತಗೊಳ್ಳಿ, ಗಂಡಸರೂ ಬಳಸಬಹುದು, ಲೆಕ್ಕದಲ್ಲಿ 5 ಕೆ.ಜಿ. ಪ್ಲೇಟ್ ಸೇರಿಸಿದರಾಯ್ತು. ಚಾಕ್ ಪುಡಿಗೆ ಬಿಡದ ಜಿಮ್ ಆದರೆ ಲಿಕ್ವಿಡ್ ಚಾಕ್ ಹಚ್ಚಿ, ನೆಲ ಗಲೀಜಾಗಲ್ಲ. ಸೆಟ್‌ಗೆ ಮುಂಚೆ ಟವೆಲ್‌ನಿಂದ ರಾಡ್ ಕೂಡ ಒರೆಸಿ. ನಿಮ್ಮ ಮುಂದಿನವರ ಬೆವರು ಅದರಲ್ಲೇ ಇರುತ್ತೆ.

ಪ್ರಶ್ನೆ ಕೇಳಿದವರು

ಕೈ ಒಳಕ್ಕೆ ತಂದೆ, ಅಂಗೈ ಬುಡದಲ್ಲಿ ಹಿಡಿದೆ. ಮಣಿಕಟ್ಟು ನೋವು ತುಂಬಾ ಇಳಿದಿದೆ, ಥ್ಯಾಂಕ್ಸ್. ಈಗ ಹೊಸ ಸಮಸ್ಯೆ: ಮೊಣಕೈ ಎರಡೂ ಪಕ್ಕಕ್ಕೆ ರೆಕ್ಕೆ ಥರ ತೆರೆದುಕೊಳ್ತಿವೆ, ಭುಜದ ಮುಂಭಾಗ ಬಿಗಿ ಅನ್ನಿಸುತ್ತೆ. ಜೊತೆಗೆ ರಾಡ್ ಭುಜದ ಮೇಲೆ ಕೂರ್ತಾ ಇಲ್ಲ, ಗದ್ದದ ಹತ್ತಿರ ಗಾಳಿಯಲ್ಲಿರುತ್ತೆ. ತಪ್ಪಾ?

ಉತ್ತರ 1

ಅಂಗೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊರಳಿಸಿದ್ದೀರಿ. ತಿರುಗು ಅಂಗೈಯಲ್ಲಿ ಉಳೀಬೇಕು, ಭುಜದವರೆಗೆ ಹೋಗಬಾರದು. ಬೆರಳು ಮುಚ್ಚಿದ ಮೇಲೆ ಮೊಣಕೈಗಳನ್ನು ಪಕ್ಕದಿಂದ ಮುಂದಕ್ಕೆ ತನ್ನಿ. ಪಕ್ಕದಿಂದ ನೋಡಿದರೆ ಅವು ರಾಡ್‌ಗಿಂತ ಕೂದಲೆಳೆಯಷ್ಟು ಮುಂದೆ ಕಾಣಬೇಕು. ಮೊಣಕೈ ಮುಂದೆ ತಂದಾಗ ರಾಡ್ ಅಂಗೈಯಲ್ಲಿ ಉರುಳಿದರೆ ಹೊರಳಿಸಿದ್ದು ಇನ್ನೂ ಜಾಸ್ತಿ ಇದೆ ಅಂತ ಅರ್ಥ. ಸ್ವಲ್ಪ ಕಡಿಮೆ ಮಾಡಿ ಮತ್ತೆ ಹಿಡಿಯಿರಿ. ಇದನ್ನು ಖಾಲಿ ರಾಡ್‌ನಲ್ಲೇ ಕಲಿಯಬೇಕು, 40 ಹಾಕಿಕೊಂಡು ಅಲ್ಲ.

ರಾಡ್ ಭುಜಕ್ಕೆ ತಾಗದೇ ಇರೋದು ತಪ್ಪಲ್ಲ. ತೋಳಿನ ಮೇಲ್ಭಾಗಕ್ಕಿಂತ ಮುಂಗೈ ಉದ್ದ ಇರೋರಿಗೆ ಹಾಗೇ ಆಗೋದು. ಬಲವಂತವಾಗಿ ಭುಜದ ಮೇಲೆ ಕೂರಿಸಹೋದರೆ ಮೊಣಕೈ ಎತ್ತಬೇಕಾಗುತ್ತೆ, ಮೊಣಕೈ ಎತ್ತಿದರೆ ಮಣಿಕಟ್ಟು ಮತ್ತೆ ಮಡಚುತ್ತೆ, ನೀವು ಮೊದಲಿದ್ದಲ್ಲಿಗೇ ಹೋಗ್ತೀರಿ. ಕೊರಳೆಲುಬಿಗೂ ಗದ್ದಕ್ಕೂ ನಡುವೆ ಎಲ್ಲಿ ಮುಂಗೈ ನೆಟ್ಟಗಿರುತ್ತೋ ಅಲ್ಲಿಂದಲೇ ಶುರು ಮಾಡಿ.

ಪ್ರಶ್ನೆ ಕೇಳಿದವರು

ಮೊಣಕೈ ಮುಂದೆ ತಂದಮೇಲೆ ಭುಜದ ಬಿಗಿ ಹೋಯ್ತು. ಅಚ್ಚು ಈಗ ಸಂದಿಯಿಂದ ಬುಡಕ್ಕೆ ಓರೆಯಾಗಿ ಬೀಳ್ತಿದೆ. ಕೊನೇ ಪ್ರಶ್ನೆ: ರಿಸ್ಟ್ ರ್ಯಾಪ್ (ಮಣಿಕಟ್ಟಿಗೆ ಸುತ್ತೋ ಪಟ್ಟಿ) ತಗೊಳ್ಳಲಾ?

ಉತ್ತರ 3

ಭಾರದ ಸೆಟ್‌ಗೆ ಮಾತ್ರ. ಕಟ್ಟೋವಾಗ ಪಟ್ಟಿ ಮಣಿಕಟ್ಟಿನ ಕೀಲನ್ನೇ ಮುಚ್ಚಬೇಕು, ಅರ್ಧ ಅಂಗೈ ಬುಡದ ಮೇಲೆ, ಅರ್ಧ ಮುಂಗೈ ಮೇಲೆ. ಕೈಗಡಿಯಾರದ ಜಾಗದಲ್ಲಿ ಕಟ್ಟಿಕೊಂಡವರನ್ನು ದಿನಾ ನೋಡ್ತೀನಿ, ಅದರಿಂದ ಏನೂ ಉಪಯೋಗ ಇಲ್ಲ. ಸೆಟ್ ಮುಗಿದ ಕೂಡಲೇ ಸಡಿಲಿಸಿ. ವಾರ್ಮಪ್‌ಗೆ ಕಟ್ಟಬೇಡಿ, ರಾಡ್ ಜಾಗ ತಪ್ಪಿದ್ದು ಗೊತ್ತಾಗೋದು ಆಗಲೇ.