ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ ಯಾಕೆ? ಹೊಸ ಮದ್ದು ಯಾಕೆ ಬರುತ್ತಿಲ್ಲ?

ಪ್ರಶ್ನೆ (ಬದಿಯಡ್ಕದಿಂದ): ಡಾಕ್ಟ್ರೇ, ನಮಸ್ಕಾರ. ಮಗನಿಗೆ ಶೀತ, ಗಂಟಲು ನೋವು. ಹೋದ ವರ್ಷ ಕೊಟ್ಟಿದ್ದ ಅಜಿತ್ರೋಮೈಸಿನ್ ಕೇಳಿದರೆ ಮೆಡಿಕಲ್‌ನವರು ಚೀಟಿ ತನ್ನಿ ಅಂದರು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಸಿಗುತ್ತದಂತೆ. ಇನ್ನೊಂದು, ಹಳೆ ಮದ್ದು ನಾಟುತ್ತಿಲ್ಲ ಎಂದು ವಿಶ್ವಸಂಸ್ಥೆಯಲ್ಲೂ ಮೀಟಿಂಗ್ ಆಯಿತಂತೆ. ಮೀಟಿಂಗ್ ಬದಲು ಹೊಸ ಮದ್ದು ಮಾಡಬಾರದಾ?

ಉತ್ತರ: ತಲಪಾಡಿಯ ಆಚೆಗೂ ಈಚೆಗೂ ಕಾನೂನು ಒಂದೇ, ಡಾಕ್ಟರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವಂತಿಲ್ಲ. ಕೇರಳದಲ್ಲಿ 2024ರ ಜನವರಿಯಿಂದ 'ಆಪರೇಷನ್ ಅಮೃತ್' ಹೆಸರಲ್ಲಿ ಮೆಡಿಕಲ್‌ಗಳ ತಪಾಸಣೆ ಜೋರಾಗಿದೆ, ಅಷ್ಟೆ. ಶೀತ ಬರುವುದು ವೈರಸ್‌ನಿಂದ. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ ಮಾತ್ರ. ಹಾಗಾಗಿ ಶೀತಕ್ಕೆ ಅಜಿತ್ರೋಮೈಸಿನ್ ತಿಂದರೂ ಒಂದೇ, ಬಿಟ್ಟರೂ ಒಂದೇ. ಬೇಡದಿದ್ದಾಗ ತಿಂದರೆ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗುತ್ತದೆ, ಚೀಟಿ ಕೇಳುವುದು ಅದಕ್ಕೇ. ಗಂಟಲು ನೋವು ಜಾಸ್ತಿಯಾದರೆ ತೋರಿಸಿ.

ಮೀಟಿಂಗ್ ಆದದ್ದು ನಿಜ. ಮೊದಲು 2016ರಲ್ಲಿ, ಮತ್ತೆ 2024ರ ಸೆಪ್ಟೆಂಬರಿನಲ್ಲಿ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದ ನಂಟಿದ್ದ ಸಾವುಗಳು 2019ರಲ್ಲಿ ಜಗತ್ತಿನಲ್ಲಿ ಸುಮಾರು 49.5 ಲಕ್ಷ. 2030ರೊಳಗೆ ಅದನ್ನು ಶೇ. 10 ಇಳಿಸುತ್ತೇವೆ ಎಂದು ದೇಶಗಳು ಒಪ್ಪಿವೆ. ಸಾಕುಪ್ರಾಣಿಗಳಿಗೆ ಕೊಡುವ ಮದ್ದಿನ ವಿಷಯದಲ್ಲಿ ಮಾತ್ರ ಜಾರಿಕೊಂಡರು. ಕರಡಿನಲ್ಲಿ ಶೇ. 30 ಕಡಿತ ಎಂದಿತ್ತು. ಕೊನೆಗೆ ಅಂಕಿಯೇ ಮಾಯ!

ಹೊಸ ಮದ್ದಿನ ಕಥೆ ಬೇರೆ. ಒಳ್ಳೆಯ ಹೊಸ ಆಂಟಿಬಯೋಟಿಕ್ ಬಂದರೆ ನಾವು ಡಾಕ್ಟರುಗಳು ಅದನ್ನು ಬರೆಯುವುದೇ ಇಲ್ಲ, ಕಷ್ಟಕಾಲಕ್ಕೆ ಇರಲಿ ಎಂದು ಎತ್ತಿಡುತ್ತೇವೆ. ಹಾಗಾದರೆ ಕಂಪನಿ ಬದುಕುವುದು ಹೇಗೆ? ಅಮೆರಿಕದ ಅಕೇವೊಜೆನ್ ಕಂಪನಿಯ ಪ್ಲಾಜೊಮೈಸಿನ್‌ಗೆ 2018ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ. ಮದ್ದು ಗೆದ್ದಿತು, ಮಾಡಿದವರು ಮುಳುಗಿದರು.

ಅದಕ್ಕೆ ಬ್ರಿಟನ್ 2022ರಲ್ಲಿ ಬೇರೆ ದಾರಿ ಹಿಡಿಯಿತು. ಎರಡು ಮದ್ದುಗಳಿಗೆ ತಲಾ ವರ್ಷಕ್ಕೆ 1 ಕೋಟಿ ಪೌಂಡ್‌ವರೆಗೆ ಕೊಡುವ ಒಪ್ಪಂದ ಮಾಡಿತು, ಮದ್ದು ಎಷ್ಟು ಬಳಕೆಯಾಯಿತು ಎಂದು ನೋಡದೆ. ಅಂಗಳದ ಅಡಿಕೆಗೆ ಕಾವಲು ಇಟ್ಟ ಹಾಗೆ. ಕಳ್ಳ ಬರಲಿ, ಬಿಡಲಿ, ಸಂಬಳ ಸಂಬಳವೇ. ನನಗೆ ಸರಿ ಕಂಡದ್ದು ಇದೇ.

ಪ್ರಶ್ನೆ (ಕುಂಬಳೆಯಿಂದ): ನಮ್ಮ ದೇಶದ್ದು ಏನೂ ಇಲ್ವಾ ಸಾರ್?

ಉತ್ತರ: ಇದೆಯಲ್ಲ! ವೊಕಾರ್ಡ್‌ನ ನಾಫಿಥ್ರೋಮೈಸಿನ್, ನ್ಯುಮೋನಿಯಾಕ್ಕೆ. ಜೈವಿಕ ತಂತ್ರಜ್ಞಾನದ ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರಕಾರದ ಸಂಸ್ಥೆ ಬಿರಾಕ್‌ನ ನೆರವಿತ್ತು. ಚೆನ್ನೈಯ ಆರ್ಕಿಡ್ ಕಂಪನಿ ಕಂಡುಹಿಡಿದ, ಬೇರೊಂದು ಆಂಟಿಬಯೋಟಿಕ್ ಜೊತೆ ಸೇರಿಸಿ ಕೊಡುವ ಎನ್ಮೆಟಾಜೊಬ್ಯಾಕ್ಟಮ್‌ಗೆ 2024ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು.

ಪ್ರಶ್ನೆ (ಬದಿಯಡ್ಕದಿಂದ): ಡಾಕ್ಟ್ರೇ, ಹೋದ ವರ್ಷದ ಎರಡು ಮಾತ್ರೆ ಡಬ್ಬಿಯಲ್ಲಿ ಉಳಿದಿದೆ...

ಉತ್ತರ: ಕೊಡಬೇಡಿ ಅಕ್ಕ. ಉಪ್ಪುನೀರು ಮುಕ್ಕಳಿಸಲಿ. ಜ್ವರ ಮೂರು ದಿನ ದಾಟಿದರೆ, ಉಸಿರಾಟ ಅಥವಾ ನುಂಗಲು ಕಷ್ಟವಾದರೆ ಕೂಡಲೇ ಕರೆದುಕೊಂಡು ಹೋಗಿ.