ಟ್ವೆಂಟೆ ಹೆಣ್ಮಕ್ಕಳ ಫುಟ್‌ಬಾಲ್ ಟೀಮಲ್ಲಿ ಒಳ್ಳೆ ಪ್ಲೇಯರ್ಸ್ ಯಾಕೆ ನಿಲ್ಲಲ್ಲ? ಮಗಳಿಗೆ ಏನ್ ಹೇಳ್ಲಿ?

ದಾವಣಗೆರೆ ಬೆಣ್ಣೆ:
ಎಲ್ರಿಗೂ ನಮಸ್ಕಾರ. ನಾವು ಇರೋದು ನೆದರ್ಲ್ಯಾಂಡ್ಸ್‌ನ ಎನ್ಸ್ಕೆಡೇಲಿ, ಜರ್ಮನಿ ಬಾರ್ಡರ್ ಪಕ್ಕದೂರು. ನಮ್ಮನೆಯವ್ರು ಇಲ್ಲಿನ ಟ್ವೆಂಟೆ ಯೂನಿವರ್ಸಿಟಿಯ ಐಟಿಸಿ ವಿಭಾಗದಲ್ಲಿ ಪಿಎಚ್‌ಡಿ ಮಾಡೋಕೆ ಅಂತ 2022ರಲ್ಲಿ ಬಂದ್ರು, ಜೊತೆಗೆ ನಾನೂ ಮಗಳೂ. ನನಗೆ ಫುಟ್‌ಬಾಲ್ ಅಂದ್ರೆ ಏನೂ ಗೊತ್ತಿರ್ಲಿಲ್ಲ. ಬಂದ ಹೊಸದ್ರಲ್ಲಿ ಟಿವಿಲಿ ಹೆಣ್ಮಕ್ಕಳ ಯೂರೋ ಕಪ್ ಬರ್ತಿತ್ತು, ಸ್ವೀಡನ್ ಮೇಲಿನ ಮೊದಲ್ನೇ ಮ್ಯಾಚಲ್ಲೇ ಹಾಲೆಂಡ್ ಗೋಲಿ (ಗೋಲ್‌ಕೀಪರ್) ಫಾನ್ ವೇನೆಂಡಾಲ್‌ಗೆ ಭುಜಕ್ಕೆ ಏಟಾಗಿ ಹೊರಗ್ ಹೋದ್ರು, ಬದಲಿಗೆ ಬಂದಿದ್ದು ಡಾಫ್ನೆ ಫಾನ್ ಡೊಮ್ಸೆಲಾರ್. ಆ ಹುಡುಗಿ ಆಡೋದು ನಮ್ಮೂರಿನ ಎಫ್‌ಸಿ ಟ್ವೆಂಟೇಲಿ ಅಂತ ಪಕ್ಕದ್ಮನೆ ಅಜ್ಜಿ ಹೇಳಿದ್ದೇ ತಡ, ನನ್ನ ಮಗಳು ಗ್ಲವ್ಸ್ ಬೇಕು ಅಂತ ಹಿಡಿದ ಹಠ ಇವತ್ತಿಗೂ ಬಿಟ್ಟಿಲ್ಲ. ಈಗ ಅವ್ಳಿಗೆ ಹತ್ತು ವರ್ಷ, ಓಣಿ ಕ್ಲಬ್ಬಲ್ಲಿ ಗಂಡುಮಕ್ಕಳ ಜೊತೆ ಗೋಲಲ್ಲಿ ನಿಲ್ತಾಳೆ.

ಕೆಂಪು ಶರ್ಟು, ಎದೆ ಮೇಲೆ ಬಿಳಿ ಕುದುರೆ, ಬೆನ್ನಲ್ಲಿ ಫಾನ್ ಡೊಮ್ಸೆಲಾರ್ ಹೆಸ್ರು, ಹುಟ್ಟಿದಬ್ಬಕ್ಕೆ ಮಾಡಿಸ್ಕೊಟ್ವಿ. 2023ರಲ್ಲಿ ಆಕೆ ಇಂಗ್ಲೆಂಡಿಗೆ ಹೋದ್ರು. ಅದೇ ವರ್ಷ ಗೋಲ್ ಹೊಡೆಯೋ ಫೆನ್ನಾ ಕಾಲ್ಮಾನೂ ಜರ್ಮನಿಗೆ. ಆಮೇಲೂ ಪ್ರತಿ ಬೇಸಿಗೇಲಿ ಯಾರಾದ್ರೂ ಹೋಗ್ತಾನೇ ಇದಾರೆ. ಮೊನ್ನೆ ಮಗಳು ಕೇಳಿದ್ಲು, "ಅಮ್ಮಾ, ನಮ್ ಟೀಮ್ ಅಷ್ಟೊಂದ್ ಕೆಟ್ಟದಾ, ಎಲ್ರೂ ಬಿಟ್ಟೋಗ್ತಾರಲ್ಲ" ಅಂತ. ಗೆಲ್ತಾನೇ ಇರೋ ಟೀಮನ್ನ ಯಾಕ್ ಬಿಟ್ಟೋಗ್ತಾರೆ ಅಂತ ನನಗೇ ಅರ್ಥ ಆಗಿಲ್ಲ, ಅವ್ಳಿಗೇನ್ ಹೇಳ್ಲಿ? ಗೊತ್ತಿರೋರು ದಯವಿಟ್ಟು ತಿಳಿಸಿ.

ಡೆನ್ ಹಾಗ್ ಕನ್ನಡಿಗ:
ಮೇಡಂ, ಮಗಳಿಗೆ ಮೊದ್ಲು ಇದನ್ನ ಹೇಳಿ, ಆ ಟೀಮು ಕೆಟ್ಟದಲ್ಲ, ಈ ದೇಶದ ಹೆಣ್ಮಕ್ಕಳ ಫುಟ್‌ಬಾಲ್ ಬಿದ್ದೋಗದೆ ನಿಂತಿದೆ ಅಂದ್ರೆ ಅದ್ರಲ್ಲಿ ಟ್ವೆಂಟೆ ಪಾಲು ದೊಡ್ಡದು.

ಲೀಗ್ ಶುರುವಾಗಿದ್ದು 2007ರಲ್ಲಿ, ಬರೀ ಆರು ಟೀಮು, ಅಡೋ ಡೆನ್ ಹಾಗ್, ಎಝಡ್, ಹೀರೆನ್‌ವೇನ್, ಟ್ವೆಂಟೆ, ಉಟ್ರೆಕ್ಟ್, ವಿಲ್ಲೆಮ್ ಟ್ವೇ. ಅಲ್ಕ್ಮಾರ್‌ನ ಎಝಡ್ ಮೊದಲ ಮೂರು ವರ್ಷನೂ ಚಾಂಪಿಯನ್, ಸತತ ಮೂರು! ಅಂಥ ಟೀಮನ್ನ 2011ರಲ್ಲಿ ಮುಚ್ಚಿಬಿಟ್ರು. ವಿಲ್ಲೆಮ್ ಟ್ವೇನೂ ಅದೇ ವರ್ಷ ಹೋಯ್ತು, ಉಟ್ರೆಕ್ಟ್ 2014ರಲ್ಲಿ. ಚಾಂಪಿಯನ್ ಆದ ಹೆಣ್ಮಕ್ಕಳಿಗೆ ನಾಳೆಯಿಂದ ನಿಮ್ ಟೀಮೇ ಇಲ್ಲ ಅಂತ ಹೇಳೋದು ಎಂಥಾ ಅನ್ಯಾಯ, ನನಗೆ ಇವತ್ತು ನೆನೆಸ್ಕೊಂಡ್ರೂ ಸಿಟ್ಟು ಬರುತ್ತೆ. ನಡುವೆ ಮೂರು ಸೀಸನ್ ಬೆಲ್ಜಿಯಂ ಜೊತೆ ಸೇರಿಸಿ ಬೆನೆಲೀಗ್ ಅಂತ ಮಾಡಿದ್ರು, ಅದ್ರಲ್ಲಿ ಮೊದಲೆರಡು ಸಲ ಗೆದ್ದಿದ್ದು ಟ್ವೆಂಟೇನೇ, ಆಮೇಲೆ ಅದೂ ನಿಂತೋಯ್ತು, 2015ರಿಂದ ಮತ್ತೆ ಬರೀ ಡಚ್ ಲೀಗು. ಎಝಡ್, ಉಟ್ರೆಕ್ಟ್ ಎರಡೂ ವಾಪಸ್ ಬಂದಿದ್ದು 2023ರಲ್ಲಿ!

ಇಷ್ಟೆಲ್ಲಾ ಆಗ್ತಿದ್ರೂ ಟ್ವೆಂಟೆ ಒಂದು ಸೀಸನ್ನೂ ಬಾಗ್ಲು ಹಾಕ್ಲಿಲ್ಲ. ಆ ಕ್ಲಬ್ಬಿಗೇನು ದುಡ್ಡು ಕೊಳೀತಾ ಬಿದ್ದಿತ್ತು ಅಂದ್ಕೋಬೇಡಿ, ಸಾಲದಲ್ಲಿ ಕುತ್ತಿಗೆವರೆಗೂ ಮುಳುಗಿ ಗಂಡಸರ ಟೀಮು 2018ರಲ್ಲಿ ಕೆಳಗಿನ ಡಿವಿಷನ್‌ಗೆ ಬಿತ್ತು. ಗಂಡಸರು ಕೆಳಗಿದ್ದ ಆ ಸೀಸನ್‌ನಲ್ಲೇ, 2019ರಲ್ಲಿ, ಹೆಣ್ಮಕ್ಕಳು ದೇಶಕ್ಕೇ ಚಾಂಪಿಯನ್. ಆಮೇಲೆ 2021, 2022, 2024, 2025. ಕೊರೊನಾ ವರ್ಷ ಲೀಗ್ ಅರ್ಧಕ್ಕೆ ನಿಲ್ಲಿಸಿದ್ರು, ನಡುವೆ 2023 ಮಾತ್ರ ಆಮ್‌ಸ್ಟರ್‌ಡಾಮ್‌ನ ಅಯಾಕ್ಸ್ ಪಾಲಾಯ್ತು.

ಗೌತಮಪುರ ಲೆಫ್ಟ್ ವಿಂಗ್:
ಅಕ್ಕಾ ನಾನು ಬೆಂಗ್ಳೂರಿಂದ. ಇಲ್ಲಿ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಹುಡುಗೀರ ಮ್ಯಾಚ್ ನೋಡಿ ನೋಡಿ ಹೆಣ್ಮಕ್ಕಳ ಫುಟ್‌ಬಾಲ್ ಹುಚ್ಚು ಹಿಡಿಸ್ಕೊಂಡೋನು, ರಾತ್ರಿ ಎದ್ದು ಯುರೋಪ್ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ನೋಡ್ತೀನಿ.

ಬಿಟ್ಟೋಗೋಕೆ ಕಾರಣ ದುಡ್ಡೂ ಹೌದು, ಆದ್ರೆ ದುಡ್ಡೊಂದೇ ಅಲ್ಲ. ಇಂಗ್ಲೆಂಡ್ ಜರ್ಮನೀಲಿ ವಾರ ವಾರ ಕಷ್ಟದ ಮ್ಯಾಚ್ ಸಿಗುತ್ತೆ. ಡಚ್ ಲೀಗಲ್ಲಿ ಟ್ವೆಂಟೆ, ಅಯಾಕ್ಸ್, ಪಿಎಸ್‌ವಿ ಬಿಟ್ರೆ ಉಳಿದವರ ಜೊತೆ ಅಂತರ ಜಾಸ್ತಿ. ಕಾಲ್ಮಾನೇ ನೋಡಿ, 2021-22ರಲ್ಲಿ 33 ಗೋಲು, ಮುಂದಿನ ಸೀಸನ್ 30. ಅಷ್ಟು ಹೊಡೆದ್ಮೇಲೆ ಅಲ್ಲೇ ಇದ್ದು ಇನ್ನೇನ್ ಕಲೀಬೇಕು, ಜರ್ಮನಿಯ ವೋಲ್ಫ್ಸ್‌ಬರ್ಗ್‌ಗೆ ಹೋಗಿದ್ದು ಸರಿ ಅಂತೀನಿ ನಾನು. ಗೋಲಿ ವಿಷ್ಯದಲ್ಲಂತೂ ಇದು ಇನ್ನೂ ನಿಜ. ಗೆಲ್ಲೋ ಟೀಮಿನ ಗೋಲಿಗೆ ತೊಂಬತ್ತು ನಿಮಿಷದಲ್ಲಿ ಕೆಲಸ ಬರೋದೇ ಎರಡೋ ಮೂರೋ ಸಲ, ಉಳಿದಿದ್ದೆಲ್ಲಾ ನಿಂತು ನೋಡೋದೇ. ಫಾನ್ ಡೊಮ್ಸೆಲಾರ್ ಆ ಯೂರೋದ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ ಮುಂದೆ ಒಂದಾದ್ಮೇಲೊಂದು ಹೇಗ್ ತಡೆದ್ರು ನೆನಪಿದ್ಯಾ, ಎಕ್ಸ್‌ಟ್ರಾ ಟೈಮ್‌ವರೆಗೂ ಎಳೆದು ಕೊನೆಗೆ ಒಂದು ಪೆನಾಲ್ಟೀಲಿ 1-0 ಸೋತಿದ್ದು. ಅಂಥ ಆಟ ಅವ್ರಿಗೆ ವಾರ ವಾರ ಬೇಕಿತ್ತು. ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಕ್ಲಬ್ಬಲ್ಲಿ ಒಂದು ವರ್ಷ, ಆಮೇಲೆ ಆರ್ಸೆನಲ್, ಮೇ 2025ರಲ್ಲಿ ಲಿಸ್ಬನ್‌ನಲ್ಲಿ ಬಾರ್ಸಿಲೋನಾನ 1-0 ಸೋಲಿಸಿ ಯುರೋಪ್ ಚಾಂಪಿಯನ್. ನಿಮ್ಮೂರಿನ ಗೋಲಿ ಅಕ್ಕಾ ಅದು!

ಜನ ಬರಲ್ಲ ಅಂತಾನೂ ಅಲ್ಲ. 2024ರಲ್ಲಿ ಅಯಾಕ್ಸ್-ಚೆಲ್ಸಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ಗೆ ಆಮ್‌ಸ್ಟರ್‌ಡಾಮ್‌ನಲ್ಲಿ 35,991 ಜನ ಸೇರಿದ್ರು. ಪ್ರತಿ ವಾರದ ಲೀಗ್ ಮ್ಯಾಚ್‌ಗೆ ಅಷ್ಟು ಜನ ಬರೋ ದಿನ ಇನ್ನೂ ಬರ್ಬೇಕು, ಬಂದ್ರೆ ಪ್ಲೇಯರ್ಸೂ ನಿಲ್ತಾರೆ.

ದಾವಣಗೆರೆ ಬೆಣ್ಣೆ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಚಾಂಪಿಯನ್ ಟೀಮನ್ನೇ ಮುಚ್ಚಿದ್ರು ಅನ್ನೋದು ಓದಿ ಬೇಜಾರಾಯ್ತು. ಈ ಊರು ಒಂದ್ ಕಾಲಕ್ಕೆ ಪೂರ್ತಿ ಬಟ್ಟೆ ಮಿಲ್ಲುಗಳ ಊರಂತೆ, ಒಂದೊಂದೇ ಮುಚ್ಚಿ ಜನ ಕೆಲಸ ಕಳ್ಕೊಂಡ್ರು ಅಂತ ಅದೇ ಪಕ್ಕದ್ಮನೆ ಅಜ್ಜಿ ಹೇಳ್ತಿರ್ತಾರೆ, ನಾನು ದಾವಣಗೆರೆ ಕಾಟನ್ ಮಿಲ್ ಓಣೀಲಿ ಬೆಳೆದೋಳು, ನನಗೆ ಅದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಮುಚ್ಚದೆ ನಡೆಸೋದು ಎಷ್ಟ್ ಕಷ್ಟ ಅಂತ ಈ ಊರಿನೋರಿಗೆ ಗೊತ್ತು ಅನ್ಸುತ್ತೆ. ಅಂದ್ಹಾಗೆ ಗಂಡುಮಕ್ಕಳ ಜೊತೆ ಆಡ್ಸೋದು ಎಷ್ಟು ವರ್ಷದವರೆಗೆ? ಊರಲ್ಲಿ ನಮ್ಮತ್ತೆ ದಿನಾ ಫೋನಲ್ಲಿ ಅದೇ ಕೇಳ್ತಾರೆ.

ಹಾಸನದ ಹುಡುಗಿ:
ಅಕ್ಕ, ನಾನು ಎನ್ಸ್ಕೆಡೇಲಿ ಓದುವಾಗ ಒಂದು ಹವ್ಯಾಸಿ ಟೀಮಲ್ಲಿ ಎರಡು ವರ್ಷ ಆಡಿದೀನಿ. ಇಲ್ಲಿ ಹುಡುಗ-ಹುಡುಗಿ ಒಟ್ಟಿಗೆ ಆಡೋದು ಮಾಮೂಲು, ಟೀನೇಜ್ ಪೂರ್ತಿ ಆಡ್ಬೋದು. 2020ರಲ್ಲಂತೂ ಫ್ರೀಸ್‌ಲ್ಯಾಂಡ್‌ನ ಒಂದು ಹಳ್ಳಿ ಕ್ಲಬ್ಬಲ್ಲಿ 19 ವರ್ಷದ ಹುಡುಗಿಗೆ ಗಂಡಸರ ಮೊದಲ್ನೇ ಟೀಮಲ್ಲೇ ಆಡೋಕೆ ಫುಟ್‌ಬಾಲ್ ಸಂಸ್ಥೆ ಪರ್ಮಿಷನ್ ಕೊಡ್ತು. ಗೋಲಿಗೆ ಇದು ತುಂಬಾ ಒಳ್ಳೇದು, ಜೋರಾಗಿ ಬರೋ ಬಾಲು ಅಭ್ಯಾಸ ಆಗುತ್ತೆ. ಅತ್ತೇನ ಒಂದ್ಸಲ ವಿಡಿಯೋ ಕಾಲಲ್ಲಿ ಮ್ಯಾಚ್ ತೋರ್ಸಿ, ನಮ್ಮಜ್ಜಿ ಹಾಗೇ ದಾರಿಗೆ ಬಂದಿದ್ದು.

ಇನ್ನೊಂದು, ಹೋದೋರೆಲ್ಲಾ ಹೋಗೇಬಿಡ್ತಾರೆ ಅಂತೇನಿಲ್ಲ. ಹಾಲೆಂಡ್ ಟೀಮಿನ ಜಿಲ್ ರೋರ್ಡ್ ಆ ಸೀಮೆಯೋರೇ, ಪಕ್ಕದ ಓಲ್ಡೆನ್‌ಝಾಲ್ ಊರು, ಟ್ವೆಂಟೇಲಿ ಬೆಳೆದು ಬಯರ್ನ್, ಆರ್ಸೆನಲ್, ವೋಲ್ಫ್ಸ್‌ಬರ್ಗ್, ಮ್ಯಾಂಚೆಸ್ಟರ್ ಸಿಟಿ ಎಲ್ಲಾ ಸುತ್ತಿ 2025ರಲ್ಲಿ ವಾಪಸ್ ಟ್ವೆಂಟೆಗೇ ಬಂದ್ರು. ಮುದುಕಿಯಾಗಿ ರಿಟೈರ್ ಆಗೋಕೆ ಬಂದಿದ್ದಲ್ಲ, ಇನ್ನೂ ಮೂವತ್ತೂ ಆಗಿರ್ಲಿಲ್ಲ.

ಮತ್ತೆ ನಿಮ್ಮೂರಿನ ದೊಡ್ಡ ಸ್ಟೇಡಿಯಂ ಮುಂದೆ ಹಾದುಹೋಗುವಾಗ ಮಗಳಿಗೆ ಹೇಳಿ, 2017 ಆಗಸ್ಟ್ 6ಕ್ಕೆ ಹಾಲೆಂಡ್ ಹೆಣ್ಮಕ್ಕಳು ಮೊದಲ್ನೇ ಸಲ ಯೂರೋ ಕಪ್ ಗೆದ್ದಿದ್ದು ಅದೇ ಗ್ರೋಲ್ಷ್ ವೆಸ್ಟೆಲಿ, ಡೆನ್ಮಾರ್ಕ್ ಮೇಲೆ 4-2. ಮೀಡೆಮಾ ಎರಡು, ಮಾರ್ಟೆನ್ಸ್ ಒಂದು, ಟ್ವೆಂಟೆಗೆ ಆಡಿದ ಸ್ಪಿಟ್ಸೆ ಫ್ರೀ ಕಿಕ್ಕಲ್ಲಿ ಒಂದು. ಲೀಗ್ ಮ್ಯಾಚ್‌ಗಳು ಮಾಮೂಲಿಯಾಗಿ ಡೀಕ್‌ಮನ್ ಮೈದಾನದಲ್ಲಿರುತ್ತೆ, ಅಲ್ಲಿಗೆ ಕರ್ಕೊಂಡ್ ಹೋಗಿ. ಚಿಕ್ಕ ಜಾಗ, ಬಾಲ್ ಒದ್ದ ಸದ್ದು, ಗೋಲಿ ತನ್ನ ಡಿಫೆಂಡರ್ಸ್‌ಗೆ ಕೂಗೋದು ಎಲ್ಲಾ ಸ್ಪಷ್ಟ ಕೇಳ್ಸುತ್ತೆ. ನಾನ್ ಹೋಗಿದ್ದ ದಿನ ಮ್ಯಾಚ್ ಮುಗಿದ್ಮೇಲೆ ಕಂಬಿ ಹತ್ರ ಪುಟಾಣಿಗಳು ಶಿನ್‌ಪ್ಯಾಡ್ ಬಿಚ್ಚಿ ಹಿಡ್ಕೊಂಡು ನಿಂತಿದ್ವು ಸೈನ್‌ಗೆ, ಒಬ್ಳು ಪ್ಲೇಯರ್ ಮಳೇಲಿ ನೆನೀತಾ ಒಂದ್ ಮಗೂನೂ ಬಿಡದೆ ಹಾಕ್ಕೊಟ್ಟೇ ಒಳಗ್ ಹೋಗಿದ್ದು.

ದಾವಣಗೆರೆ ಬೆಣ್ಣೆ:
ಓದಿ ಹೇಳ್ದೆ. ಆರ್ಸೆನಲ್ ಗೆದ್ದಿದ್ದು ಅವ್ಳಿಗೆ ಗೊತ್ತೇ ಇತ್ತಂತೆ, ಸ್ಕೂಲಲ್ಲಿ ಯಾರೋ ಹೇಳಿದ್ರಂತೆ, ನನಗೆ ಹೇಳಿರ್ಲಿಲ್ಲ ಅಷ್ಟೆ. ಶರ್ಟು ಗಿಡ್ಡ ಆಗಿದೆ, ಹೊಸದು ಕೊಡಿಸ್ತೀನಿ ಅಂದ್ರೆ ಬೇಡ, ಇದೇ ಹಾಕ್ಕೊಂಡು ಡೀಕ್‌ಮನ್‌ಗೆ ಹೋಗೋಣ ಅಂತಿದಾಳೆ. ಮುಂದಿನ ಮ್ಯಾಚ್‌ಗೆ ಹೋಗ್ತೀವಿ. ಅಲ್ಲಿ ಗೋಲಿ ಹಿಂದ್ಗಡೆನೇ ನಿಂತ್ಕೊಂಡು ನೋಡೋಕೆ ಬಿಡ್ತಾರಾ, ಅವ್ಳಿಗೆ ಬೇಕಿರೋದು ಅದೊಂದೇ.