74 ವರ್ಷ, ಸೀರಮ್ ಜಿಂಕ್ 61: ಇದು ಕೊರತೆಯಾ? ಮಂಕು, ಅರುಚಿ ಎಲ್ಲ ಅದರಿಂದಲೇ ಬಂದಿದ್ದಾ?

ಆರೈಕೆಬಳಗ (ಪ್ರಶ್ನೆ):

ವಯಸ್ಸು 74, ಗಂಡಸು. ಮೂರು ತಿಂಗಳಿಂದ ಊಟ ಸೇರುತ್ತಿಲ್ಲ, ಬಾಯಿಗೆ ಏನಿಟ್ಟರೂ ಸಪ್ಪೆ ಅನ್ನುತ್ತಾರೆ. ತೂಕ 4 ಕೆ.ಜಿ. ಇಳಿದಿದೆ. ಮಾತು ಕಡಿಮೆಯಾಗಿದೆ, ದಿನವಿಡೀ ಮಂಕಾಗಿ ಕೂತಿರುತ್ತಾರೆ. ಕಣಕಾಲಿನ ಗಾಯ ಐದು ವಾರವಾದರೂ ಮಾಯುತ್ತಿಲ್ಲ. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್, ಗ್ಯಾಸ್ಟ್ರಿಕ್‌ಗೆ ಎರಡು ವರ್ಷದಿಂದ ಒಮೆಪ್ರಜೋಲ್.

ಸೀರಮ್ ಜಿಂಕ್ ಡೆಸಿಲೀಟರಿಗೆ 61 ಮೈಕ್ರೋಗ್ರಾಂ ಬಂದಿದೆ. ರಿಪೋರ್ಟಿನಲ್ಲಿ 70ರಿಂದ 120 ನಾರ್ಮಲ್ ಎಂದಿದೆ. ರಕ್ತ ತೆಗೆದದ್ದು ಮಧ್ಯಾಹ್ನ ಮೂರೂವರೆಗೆ, ಊಟ ಆದಮೇಲೆ. ಸದ್ಯ ಸಿಕ್ಕಿರುವ ಮಾತ್ರೆಯ ಮೇಲೆ "ಜಿಂಕ್ ಸಲ್ಫೇಟ್ 220 ಮಿ.ಗ್ರಾಂ" ಅಂತಿದೆ. ಇನ್ನೂ ಶುರು ಮಾಡಿಲ್ಲ. ಇದನ್ನು ಕೊರತೆ ಅಂತಲೇ ಹಿಡಿಯಬೇಕಾ? ದಿನಕ್ಕೆ ಎಷ್ಟು, ಎಷ್ಟು ದಿನ? ಮನಸ್ಸಿನ ಮಂಕು ಇದರಿಂದ ಹೋಗುತ್ತದಾ?

ರಕ್ತನಾಳಿಕೆ:

61 ಅನ್ನೋ ಅಂಕಿಯನ್ನು ಗಂಟೆ ನೋಡಿಕೊಂಡೇ ಓದಬೇಕು. ರಕ್ತದ ಜಿಂಕ್ ಬೆಳಿಗ್ಗೆ ಹೆಚ್ಚಿರುತ್ತದೆ, ಊಟವಾದಮೇಲೆ ಇಳಿಯುತ್ತದೆ. ಗಂಡಸರಿಗೆ ಕೊರತೆಯ ಗೆರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 74, ಬೆಳಿಗ್ಗೆ ತಿಂದಮೇಲೆ 70, ಮಧ್ಯಾಹ್ನ 61. ಹೆಂಗಸರಿಗೆ ಇದೇ ಕ್ರಮದಲ್ಲಿ 70, 66, 59. ನಿಮ್ಮ ರಿಪೋರ್ಟು ಮಧ್ಯಾಹ್ನದ ರಕ್ತವನ್ನು ಬೆಳಗಿನ ಅಳತೆಗೆ ಹಿಡಿದಿದೆ. ಸರಿಯಾದ ಅಳತೆಯಲ್ಲಿ ನೋಡಿದರೆ ಅವರು ಗೆರೆಯ ಮೇಲೇ ನಿಂತಿದ್ದಾರೆ.

ಇದಕ್ಕಿಂತ ದೊಡ್ಡ ತೊಡಕು ಆ ಗಾಯ. ಮೈಯಲ್ಲಿ ಉರಿಯೂತ ಇದ್ದಾಗ ಲಿವರ್ ರಕ್ತದಿಂದ ಜಿಂಕನ್ನು ಒಳಗೆ ಎಳೆದುಕೊಳ್ಳುತ್ತದೆ. ಮೈಯಲ್ಲಿ ಒಟ್ಟು 2ರಿಂದ 3 ಗ್ರಾಂ ಜಿಂಕ್ ಇದ್ದರೆ ಪ್ಲಾಸ್ಮಾದಲ್ಲಿ ಓಡಾಡುವುದು ಸಾವಿರದಲ್ಲೊಂದು ಪಾಲು ಮಾತ್ರ. ಹಾಗಾಗಿ ದಾಸ್ತಾನು ತುಂಬಿದ್ದರೂ ಅಂಕಿ ಕುಸಿಯಬಹುದು. ಆ ಓಡಾಡುವ ಜಿಂಕಿನಲ್ಲೂ ಬಹುಪಾಲು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಇಳಿದರೆ ಜಿಂಕೂ ಇಳಿಯುತ್ತದೆ. ಸಿಆರ್‌ಪಿ (ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ಮತ್ತು ಆಲ್ಬುಮಿನ್ ಇಲ್ಲದ ಜಿಂಕ್ ರಿಪೋರ್ಟಿಗೆ, ಅದರಲ್ಲೂ ಈ ವಯಸ್ಸಿನಲ್ಲಿ, ನಾನು ಅರ್ಥ ಹೇಳುವುದಿಲ್ಲ.

ಮತ್ತೆ ತೆಗೆಸುವಾಗ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆಸಿ. ಸೂಕ್ಷ್ಮ ಖನಿಜಗಳಿಗೆಂದೇ ಇರುವ ಕಡುನೀಲಿ ಮುಚ್ಚಳದ ಟ್ಯೂಬ್ ಕೇಳಿ, ಮಾಮೂಲಿ ಟ್ಯೂಬಿನ ರಬ್ಬರ್ ಬಿರಡೆಯಿಂದಲೇ ಜಿಂಕ್ ಸೇರಿಕೊಳ್ಳಬಹುದು. ತೋಳಿನ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಆ ಸ್ಯಾಂಪಲ್ ಬೇಡ: ಕೆಂಪುಕಣದೊಳಗೆ ಜಿಂಕ್ ಬಹಳ, ಕಣ ಒಡೆದರೆ ಅಂಕಿ ಸುಳ್ಳು ಏರಿಕೆ ತೋರಿಸುತ್ತದೆ. ಲಿವರ್ ಟೆಸ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಷ್ಟಿದೆ ಅಂತಲೂ ನೋಡಿ. ಆ ಕಿಣ್ವ ಕೆಲಸ ಮಾಡುವುದೇ ಜಿಂಕ್ ಇಟ್ಟುಕೊಂಡು. ಅದೂ ತೀರಾ ಕಡಿಮೆ ಇದ್ದರೆ ಕೊರತೆಯ ಅನುಮಾನಕ್ಕೆ ಬಲ ಬರುತ್ತದೆ.

ಮಾತ್ರೆಲೆಕ್ಕ:

ಡಬ್ಬಿಯ ಮೇಲಿನ 220 ಅಂದರೆ ಲವಣದ ತೂಕ. ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್‌ನಲ್ಲಿ ನಿಜವಾದ ಜಿಂಕ್ ಸುಮಾರು ಶೇ. 23, ಹಾಗಾಗಿ ಒಂದು ಮಾತ್ರೆಗೆ 50 ಮಿ.ಗ್ರಾಂ. ಜಿಂಕ್ ಗ್ಲೂಕೋನೇಟ್ ಆದರೆ ಶೇ. 14 ಅಷ್ಟೆ. ಅದರ 50 ಮಿ.ಗ್ರಾಂ ಮಾತ್ರೆಯಲ್ಲಿ ಸಿಗುವುದು 7 ಮಿ.ಗ್ರಾಂ. ಕೆಲವು ಕಂಪನಿಗಳು ಲವಣದ ತೂಕ ಬರೆಯುತ್ತವೆ, ಕೆಲವು ಜಿಂಕಿನದ್ದೇ ಬರೆಯುತ್ತವೆ. "ಎಲಿಮೆಂಟಲ್" ಅನ್ನೋ ಪದ ಹುಡುಕಿ, ಕಾಣದಿದ್ದರೆ ಲೆಕ್ಕ ಹಾಕಿ.

ಅಮೆರಿಕದ ಪಟ್ಟಿಯಲ್ಲಿ ದಿನಕ್ಕೆ ಬೇಕಾದದ್ದು ಗಂಡಸರಿಗೆ 11, ಹೆಂಗಸರಿಗೆ 8 ಮಿ.ಗ್ರಾಂ. ಮೇಲ್ಮಿತಿ 40. ಯುರೋಪಿನವರು ಮೇಲ್ಮಿತಿಯನ್ನು 25ಕ್ಕೇ ನಿಲ್ಲಿಸಿದ್ದಾರೆ. ಆ 220ರ ಮಾತ್ರೆಯನ್ನು ಗಾಯಕ್ಕೆಂದು ದಿನಕ್ಕೆ ಮೂರು ಕೊಡುವ ಹಳೆಯ ರೂಢಿಯೊಂದಿದೆ, 150 ಮಿ.ಗ್ರಾಂ ಆಯಿತು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಕಾಲಿನ ಹುಣ್ಣಿನ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಜಿಂಕ್ ಸಲ್ಫೇಟ್ ನುಂಗಿದ್ದರಿಂದ ಲಾಭ ಕಂಡಿಲ್ಲ.

ಹೆದರಬೇಕಾದದ್ದು ತಾಮ್ರದ ವಿಷಯಕ್ಕೆ. ಜಿಂಕ್ ಹೆಚ್ಚಾದಾಗ ಕರುಳಿನ ಗೋಡೆಯ ಕೋಶಗಳು ಮೆಟಾಲೋಥಿಯೋನಿನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಅದು ಜಿಂಕಿಗಿಂತ ತಾಮ್ರವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆ ಕೋಶ ಕೆಲವೇ ದಿನದಲ್ಲಿ ಉದುರಿ ಮಲದಲ್ಲಿ ಹೋಗುವಾಗ ತಾಮ್ರವೂ ಜೊತೆಗೇ ಹೋಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ರಕ್ತಹೀನತೆ, ಬಿಳಿಕಣ ಕಡಿಮೆಯಾಗುವುದು, ಆಮೇಲೆ ಪಾದ ಜೋಮು, ನಡಿಗೆ ಓಲಾಡುವುದು. ನೋಡುವವರು ಬಿ12 ಕೊರತೆ ಅಂದುಕೊಳ್ಳುತ್ತಾರೆ, ಇಲ್ಲವೇ ವಯಸ್ಸಾಯಿತು ಅಂತ ಸುಮ್ಮನಾಗುತ್ತಾರೆ. ರಕ್ತ ಸರಿಹೋಗುತ್ತದೆ, ನರಕ್ಕೆ ಆದ ಪೆಟ್ಟು ಮಾತ್ರ ಪೂರ್ತಿ ವಾಪಸ್ ಬರದೇ ಇರಬಹುದು. ಹಲ್ಲಿನ ಸೆಟ್ಟು ಕೂರಿಸಲು ಹಚ್ಚುವ ಅಂಟು ಪೇಸ್ಟಿನಲ್ಲಿ ಜಿಂಕ್ ಇದ್ದು, ವರ್ಷಗಟ್ಟಲೆ ಟ್ಯೂಬುಗಟ್ಟಲೆ ಬಳಸಿದವರಿಗೆ ಹೀಗಾದದ್ದು ದಾಖಲಾಗಿದೆ. ಇವರಿಗೆ ಸೆಟ್ಟು ಇದೆಯಾ, ಪೇಸ್ಟಿನಲ್ಲಿ ಏನಿದೆ, ನೋಡಿ.

ಕೊಡುವುದೇ ಆದರೆ ಡಾಕ್ಟರನ್ನು ಕೇಳಿ ದಿನಕ್ಕೆ 15ರಿಂದ 30 ಮಿ.ಗ್ರಾಂ ನಿಜ ಜಿಂಕ್, ಮೂರು ತಿಂಗಳ ಅವಧಿ ಗೊತ್ತುಮಾಡಿಕೊಂಡು. ಖಾಲಿ ಹೊಟ್ಟೆಗೆ ಕೊಟ್ಟರೆ ಓಕರಿಕೆ ಬರುತ್ತದೆ, ಮೊದಲೇ ಊಟ ಸೇರದವರಿಗೆ ಅದು ಇನ್ನೂ ಕಷ್ಟ. ಸ್ವಲ್ಪ ತಿಂಡಿಯ ಜೊತೆ ಕೊಡಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಗಾಯಕ್ಕೆ ಸಿಪ್ರೋಫ್ಲಾಕ್ಸಾಸಿನ್ ಅಥವಾ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರೆ ಅದನ್ನು ಜಿಂಕಿಗೆ 2 ಗಂಟೆ ಮೊದಲು ಅಥವಾ 4ರಿಂದ 6 ಗಂಟೆ ನಂತರ ಕೊಡಬೇಕು. ಒಟ್ಟಿಗೆ ನುಂಗಿದರೆ ಆಂಟಿಬಯೋಟಿಕ್ ಕರುಳಲ್ಲೇ ಜಿಂಕಿಗೆ ಕಟ್ಟಿಕೊಂಡು ವ್ಯರ್ಥವಾಗುತ್ತದೆ.

ಸಂಜೆಯಮನಸ್ಸು:

ಮಂಕಿನ ಪ್ರಶ್ನೆಗೆ. ಖಿನ್ನತೆ ಇರುವವರ ರಕ್ತದಲ್ಲಿ ಜಿಂಕ್ ಸರಾಸರಿ ಕಡಿಮೆ ಇರುತ್ತದೆ ಎಂಬುದು ನಿಜ. 2013ರಲ್ಲಿ 17 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಲೀಟರಿಗೆ ಸುಮಾರು 1.85 ಮೈಕ್ರೋಮೋಲ್ ವ್ಯತ್ಯಾಸ ಸಿಕ್ಕಿತು, ಅಂದರೆ ನಿಮ್ಮ ರಿಪೋರ್ಟಿನ ಅಳತೆಯಲ್ಲಿ 12. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಲ್ಲಿ ನರತುದಿಗಳು ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕದ ಜೊತೆಗೆ ಜಿಂಕನ್ನೂ ಹೊರಬಿಡುತ್ತವೆ, ಆದ್ದರಿಂದ ನಂಟು ಇರಲು ಕಾರಣವೂ ಇದೆ. ಆದರೆ ಮನಸ್ಸು ಕುಗ್ಗಿದವರು ತಿನ್ನುವುದನ್ನೂ ಬಿಡುತ್ತಾರಲ್ಲ, ಜಿಂಕ್ ಇಳಿಯಲು ಅಷ್ಟೇ ಸಾಕು. ಯಾವುದು ಮೊದಲು ಅಂತ ಆ ಅಂಕಿ ಹೇಳುವುದಿಲ್ಲ. ಖಿನ್ನತೆಯ ಮಾತ್ರೆಯ ಜೊತೆ 25 ಮಿ.ಗ್ರಾಂ ಜಿಂಕ್ ಸೇರಿಸಿದ ಸಣ್ಣ ಪ್ರಯೋಗಗಳಲ್ಲಿ ಒಂದಿಷ್ಟು ಲಾಭ ಕಂಡಿದೆ. ಮಾತ್ರೆಯ ಬದಲಿಗೆ ಜಿಂಕ್ ಎಂಬುದಕ್ಕೆ ಅಷ್ಟು ಆಧಾರವಿಲ್ಲ. ಯುರೋಪಿನ ಜೆನಿತ್ ಅಧ್ಯಯನದಲ್ಲಿ 55ರಿಂದ 87 ವಯಸ್ಸಿನ ಆರೋಗ್ಯವಂತರಿಗೆ 15 ಅಥವಾ 30 ಮಿ.ಗ್ರಾಂ ಆರು ತಿಂಗಳು ಕೊಟ್ಟರೂ ನೆನಪು, ಗಮನದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಬರಲಿಲ್ಲ.

ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಥಯಾಜೈಡ್ ಮೂತ್ರದಲ್ಲಿ ಜಿಂಕ್ ಕಳೆಯುತ್ತದೆ, ನಿಜ, ಸೋಡಿಯಂ ಕೂಡ ಇಳಿಸುತ್ತದೆ. ವಯಸ್ಸಾದವರಲ್ಲಿ ಸೋಡಿಯಂ ಇಳಿದರೆ ಥೇಟ್ ಇದೇ ಚಿತ್ರ: ಮಂಕು, ಅರುಚಿ, ಓಲಾಟ. ಇವತ್ತೇ ಆ ಟೆಸ್ಟ್ ಮಾಡಿಸಿ. ಒಮೆಪ್ರಜೋಲ್ ವರ್ಷಗಟ್ಟಲೆ ನಡೆದರೆ ಬಿ12 ಕಡಿಮೆಯಾಗಬಹುದು, ಅದನ್ನೂ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಅನ್ನೂ ನೋಡಿಸಿ. ಹಿರಿಯರಿಗೆಂದೇ ಇರುವ 15 ಪ್ರಶ್ನೆಗಳ ಖಿನ್ನತೆ ಅಳತೆಪಟ್ಟಿಯಲ್ಲಿ 5 ದಾಟಿದರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದಿದ್ದರೆ ಯಾವ ರಿಪೋರ್ಟಿಗೂ ಕಾಯಬೇಡಿ, ಅದೇ ದಿನ ಹೋಗಿ.

ಆರೈಕೆಬಳಗ:

ರಿಪೋರ್ಟ್ ಬಂತು. ಸೋಡಿಯಂ 126 (ಕಡಿಮೆ), ಸಿಆರ್‌ಪಿ 34 (ಹೆಚ್ಚು), ಆಲ್ಬುಮಿನ್ 3.0 (ಕಡಿಮೆ). ಬಿ12 ನಾರ್ಮಲ್. ಡಾಕ್ಟರು ಥಯಾಜೈಡ್ ನಿಲ್ಲಿಸಿ ಬೇರೆ ಬಿಪಿ ಮಾತ್ರೆ ಕೊಟ್ಟಿದ್ದಾರೆ, ಸೋಡಿಯಂ ಮೇಲೆ ಕಣ್ಣಿಟ್ಟಿದ್ದಾರೆ. ಜಿಂಕ್ ಈಗ ಬೇಡವಾ?

ರಕ್ತನಾಳಿಕೆ:

34ರ ಸಿಆರ್‌ಪಿ ಇರುವಾಗ 61 ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ಗಾಯದ ಸೋಂಕು ತಗ್ಗಿ, ಸಿಆರ್‌ಪಿ 5ರ ಒಳಗೆ ಬಂದಮೇಲೆ ಬೆಳಗಿನ ಸ್ಯಾಂಪಲ್ ಕೊಡಿ. ಜೊತೆಗೇ ತಾಮ್ರವನ್ನೂ ನೋಡಿಸಿ. ತಾಮ್ರವನ್ನೂ ಈಗಲೇ ನೋಡಿದರೆ ಪ್ರಯೋಜನವಿಲ್ಲ, ಉರಿಯೂತದಲ್ಲಿ ಅದು ಉಲ್ಟಾ ಏರಿ ಕೊರತೆಯನ್ನು ಮುಚ್ಚಿಬಿಡುತ್ತದೆ.

ಮಾತ್ರೆಲೆಕ್ಕ:

ಅಲ್ಲಿಯವರೆಗೆ ತಟ್ಟೆಯ ಕಡೆ ನೋಡಿ. ಅಗಿಯಲಾಗದೆ ಮೆತ್ತನೆಯ ಪಿಷ್ಟವನ್ನೇ ತಿನ್ನುವವರಿಗೆ ಜಿಂಕೂ ಸಾಲದು, ಪ್ರೋಟೀನೂ ಸಾಲದು. ಮಾಂಸ ತಿನ್ನುವವರಾದರೆ ನುಣ್ಣಗೆ ಕೊಚ್ಚಿ ಬೇಯಿಸಿದ ಕೆಂಪು ಮಾಂಸ 100 ಗ್ರಾಮಿಗೆ 4ರಿಂದ 6 ಮಿ.ಗ್ರಾಂ ಕೊಡುತ್ತದೆ. ಮೊಟ್ಟೆಯಲ್ಲಿ ಅರ್ಧ ಮಿ.ಗ್ರಾಮಿಗಿಂತ ಸ್ವಲ್ಪ ಹೆಚ್ಚು, 30 ಗ್ರಾಂ ಕುಂಬಳಬೀಜದಲ್ಲಿ 2 ಮಿ.ಗ್ರಾಂ (ಪುಡಿ ಮಾಡಿ ಕಲಸಿ ಕೊಡಿ). ಕಾಳುಗಳಲ್ಲಿ ಜಿಂಕ್ ಇದ್ದರೂ ಅವುಗಳಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಡುತ್ತದೆ. ನೆನೆಸಿ, ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಹಿಟ್ಟು ಹುಳಿ ಬರಿಸಿದರೂ ಅಷ್ಟೇ. ಒಮೆಪ್ರಜೋಲ್ ಇನ್ನೂ ಬೇಕಾ ಅಂತ ಮುಂದಿನ ಸಲ ಡಾಕ್ಟರನ್ನು ಕೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಆ 220ರ ಡಬ್ಬಿಯನ್ನು ಅವರ ಕೈಗೆ ಸಿಗದಂತೆ ತೆಗೆದಿಡಿ.